ಅವರು ಕೇಳಿದ್ದು ಚಹಾ ಅಲ್ಲ

ಕಳೆದ ವರ್ಷ ಎಳ್ಳಮಾವಾಸ್ಯೆ ಮುಗಿದ ವಾರ ನಡೆದದ್ದಿದು. ಹೊಲದ ಪೈರಿಗೆ ಚರಗದ ಎಡೆ ಚೆಲ್ಲಲು ಹೋಗಿ ಥಂಡಿ ಹತ್ತಿ, ನನ್ನ ಮೂಗು ಪೂರ್ತಿ ಕಟ್ಟಿತ್ತು.

ನಮ್ಮೂರು ಆಳಂದ ತಾಲ್ಲೂಕಿನ ಖಜೂರಿ. ನಮ್ಮ ಮನೆಯವರು ಲಾರಿ ಓಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದವು, ಮಾತೂ ಹೋಯಿತು. ಅಕ್ಷರ ಕಣ್ಣಿಗೆ ಕಂಡರೂ ಓದಲು ಬರುವುದಿಲ್ಲ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಕಲಬುರಗಿಯ ದವಾಖಾನೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ನಮ್ಮ ಹಳೆಯ ಕಂಪ್ಯೂಟರಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಪರದೆಯ ತುಂಬ ಬಣ್ಣಬಣ್ಣದ ಚಿತ್ರಗಳು. ನೀಲಿ ಕೊಡ ಒತ್ತಿದರೆ "ನೀರು ಬೇಕು", ಕೆಂಪು ಸಿಲಿಂಡರ್ ಒತ್ತಿದರೆ "ಗ್ಯಾಸ್ ನೋಡು" ಎಂದು ಕಂಪ್ಯೂಟರ್ ಜೋರಾಗಿ ಹೇಳುತ್ತಿತ್ತು. ಎಡಗೈಯಲ್ಲಿ ಮೌಸ್ ಹಿಡಿದು ಅವರು ಮತ್ತೆ ಮನೆಯ ಯಜಮಾನಿಕೆ ಶುರು ಮಾಡಿದ್ದರು. ದಿನವಿಡೀ ನನ್ನ ಮೇಲೆ ದರ್ಬಾರು. ನನಗೂ ಅದೇ ಬೇಕಿತ್ತು.

ಆ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಆ್ಯಪ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಕೊಡ ಇಲ್ಲ, ಸಿಲಿಂಡರ್ ಇಲ್ಲ. ಎಲ್ಲ ಕಡೆ ತೆಳ್ಳನೆಯ ಬೂದು ಗೆರೆಗಳ ಗುರುತುಗಳು. ಒಂದೇ ಅಳತೆ, ಒಂದೇ ಬಣ್ಣ. ಕೆಳಗೆ ಹೆಸರು ಬರೆದಿತ್ತು, ಆದರೆ ಅವರಿಗೆ ಓದಲು ಬರಬೇಕಲ್ಲ! ರೊಟ್ಟಿ ಕೇಳಲು ಹೋಗಿ ಗಡಿಯಾರ ಒತ್ತಿದರು. ಸಿಟ್ಟಿಗೆದ್ದು ಮೌಸ್ ಬಡಿದರು. ನಾನು ಆ್ಯಪಿನವರ ಸಹಾಯವಾಣಿಗೆ ಫೋನ್ ಹಚ್ಚಿದೆ.

"ಹೊಸ ಡಿಸೈನ್ ಮೇಡಂ, ನೋಡೋಕೆ ನೀಟಾಗಿದೆ. ನಿಧಾನಕ್ಕೆ ರೂಢಿ ಆಗುತ್ತೆ" ಎಂದ ಆ ಕಡೆಯವನು.

"ಹಳೇವು ವಾಪಸ್ ಹಾಕ್ರಿ. ನಮ್ಮವ್ರಿಗಿ ಮಾತಾಡಾಕ ಬರವಲ್ದು" ಎಂದೆ. ಮೇಲಿನವರಿಗೆ ತಿಳಿಸುತ್ತೇನೆಂದು ಫೋನ್ ಇಟ್ಟುಬಿಟ್ಟ.

ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ "ನೀರು ಬೇಕು, ನೀರು ಬೇಕು" ಎಂದು ಕಂಪ್ಯೂಟರ್ ಕೂಗಿತು. ತಂದುಕೊಟ್ಟರೆ ಲೋಟ ತಳ್ಳಿಬಿಟ್ಟರು. ಮತ್ತೆ ಮೌಸ್ ಆಡಿಸಿದರು. "ಟಿವಿ ಹಚ್ಚು" ಎಂದಿತು. ಅವರು ಅಡುಗೆಮನೆಯ ಕಡೆ ಬೆರಳು ಮಾಡಿದರು. ಹಸಿವೇನೋ ಎಂದು ರೊಟ್ಟಿ ತಂದೆ, ಅದನ್ನೂ ನೂಕಿದರು. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು.

"ಏನಾಗ್ಯದ್ರಿ? ಎದಿ ನೋಯಾಕತ್ತದೇನು?"

ಅಲ್ಲವೆಂದು ತಲೆ ಅಲ್ಲಾಡಿಸಿದರು. ಮತ್ತೊಮ್ಮೆ ಲಕ್ವಾ ಹೊಡೆಯಿತೇನೋ ಎಂದು ಅಂಜಿ ಅವರ ಮುಖ ನೋಡಿದೆ. ಅಷ್ಟರಲ್ಲಿ ಅವರು ಪರದೆಗೆ ಮುಖ ಹತ್ತಿರ ಒಯ್ದು, ಹುಡುಕಿ ಹುಡುಕಿ ಒಂದನ್ನು ಒತ್ತಿದರು. ಕಂಪ್ಯೂಟರ್ "ಚಹಾ ಬೇಕು" ಎಂದಿತು.

ಹೋದ ಜೀವ ಬಂದಂತಾಯಿತು. "ಇಷ್ಟಕ್ಕ ಇಷ್ಟು ಒದ್ದಾಡಿದ್ರೇನ್ರಿ? ಈಗ ಮಾಡ್ತೇನಿ" ಎಂದು ಅಡುಗೆಮನೆಗೆ ಹೋಗಿ, ಪಾತ್ರೆಗೆ ನೀರು ಹಾಕಿ ಲೈಟರ್ ಕೈಗೆತ್ತಿಕೊಂಡೆ.

ಹಿಂದೆ ಧಡ್ ಎಂದು ಸದ್ದಾಯಿತು. ಲೈಟರ್ ಹಿಡಿದುಕೊಂಡೇ ಓಡಿ ಬಂದೆ. ಅವರು ಕುರ್ಚಿಯಿಂದ ಬಿದ್ದು, ಎಡ ಮೊಳಕೈ ಊರಿ ಅಡುಗೆಮನೆಯ ಕಡೆಗೇ ತೆವಳುತ್ತಿದ್ದರು. ಬಾಯಿಂದ ಅರ್ಥವಾಗದ ಕೂಗು. ಬಗ್ಗಿ ಎತ್ತಲು ಹೋದರೆ ನನ್ನ ಕೈಯಿಂದ ಲೈಟರ್ ಕಿತ್ತು ಎಸೆದರು.

ಆ ಗದ್ದಲಕ್ಕೆ ಪಕ್ಕದ ಮನೆಯ ಶಬಾನಾ ಓಡಿ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಯಾ ಅಲ್ಲಾ! ಅಕ್ಕಾ, ಮನಿ ತುಂಬ ಗ್ಯಾಸ್ ವಾಸನಿ ಬರಾಕತ್ತದ, ನಿಮಗ ಗೊತ್ತಾಗವಲ್ದೇನು? ಬಟನ್ ಯಾವ್ದೂ ಮುಟ್ಟಬ್ಯಾಡ್ರಿ!"

ಸೆರಗು ಮೂಗಿಗೆ ಒತ್ತಿ ಒಳನುಗ್ಗಿ ರೆಗ್ಯುಲೇಟರ್ ಬಂದ್ ಮಾಡಿದಳು, ಕಿಟಕಿ ತೆರೆದಳು. ಇಬ್ಬರೂ ಸೇರಿ ಅವರನ್ನು ಅಂಗಳಕ್ಕೆ ಎಳೆತಂದೆವು. ಆಮೇಲೆ ನೋಡಿದರೆ ಒಲೆಯ ಪೈಪು ಸೀಳಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರು ಎಡಗೈಯಿಂದ ನನ್ನ ಬೆನ್ನು ಸವರುತ್ತಿದ್ದರು.

ಸಂಜೆ ಪರದೆಯ ಮುಂದೆ ನಾನೇ ಕೂತು ನೋಡಿದೆ. ಗ್ಯಾಸಿಗೆ ಒಂದು ಉರಿಯ ಗೆರೆ. ನೀರಿನ ಹನಿಯೂ ಹೆಚ್ಚುಕಡಿಮೆ ಹಾಗೆಯೇ. ಚಹಾದ ಮೇಲಿನ ಹಬೆಯೂ ಹಾಗೆಯೇ. ಓದಲು ಬರುವ ನನಗೇ ಹೆಸರು ನೋಡದೆ ತಿಳಿಯಲಿಲ್ಲ.

ಮರುದಿನ ಮೇಡಂ ಫೋನಿನಲ್ಲೇ ಹೇಳಿಕೊಡುತ್ತ ಹಳೆಯ ಆ್ಯಪ್ ಮತ್ತೆ ಹಾಕಿಸಿದರು, ಅಪ್‌ಡೇಟ್ ಬಂದ್ ಮಾಡಿಸಿದರು. ಬಣ್ಣದ ಚಿತ್ರಗಳು ಮೂಡಿದಾಗ ನಮ್ಮವರು ಮೊದಲು ಒತ್ತಿದ್ದು ಕೆಂಪು ಸಿಲಿಂಡರ್.

ಎಲ್ಲ ಸರಿಹೋಯಿತು, ಆದರೆ ಒಳಗಿನ ಅಂಜಿಕೆ ಹೋಗಿಲ್ಲ. ಈಗಲೂ ಒಲೆ ಹಚ್ಚುವ ಮುನ್ನ ಕಿಟಕಿ ತೆಗೆದು, ತಿರುಗಿ ಅವರ ಮುಖ ನೋಡುತ್ತೇನೆ. ಅವರು ಹೂಂ ಎಂದು ತಲೆಯಾಡಿಸಿದ ಮೇಲೆಯೇ ನನ್ನ ಕೈ ಮುಂದಕ್ಕೆ ಹೋಗುತ್ತದೆ.