ಮಗ್ಗದ ಕುಣಿಯಲ್ಲಿದ್ದ ಚಾವಿ

ಟ್ರಂಕಿನ ಚಾವಿ ಕಳೆದದ್ದು ಅಜ್ಜಿಯಲ್ಲ, ನಾನು. ಇಷ್ಟು ವರ್ಷ ಮುಚ್ಚಿಟ್ಟಿದ್ದೆ.

ಇವತ್ತು ಕೆಲಸಕ್ಕೆ ಬೇಕಾದ ಆಧಾರ್ ಕಾರ್ಡಿಗಾಗಿ ಅದೇ ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಮನೆಯ ಕಾಗದಪತ್ರಗಳನ್ನೆಲ್ಲ ಅಜ್ಜಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅದರಲ್ಲಿಡುತ್ತಿದ್ದಳು. ಚಾವಿ ಮಾತ್ರ ಅವಳು ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯೊಳಗೆ, ಗೋಡೆಯ ಸಣ್ಣ ಗೂಡಿನಲ್ಲಿರುತ್ತಿತ್ತು. ಅವಳು ಏಳದೆ ಅಲ್ಲಿಗೆ ಯಾರ ಕೈಯೂ ಹೋಗುತ್ತಿರಲಿಲ್ಲ.

ಏಳನೆಯ ತರಗತಿ ಮುಗಿದಾಗ ಹೈಸ್ಕೂಲಿಗೆ ಸೇರಿಸಲು ಟ್ರಂಕಿನಲ್ಲಿದ್ದ ಟಿ.ಸಿ. ಬೇಕಾಯಿತು. ನನಗೆ ಹೋಗುವ ಮನಸ್ಸಿರಲಿಲ್ಲ. ಅಜ್ಜಿ ಊಟಕ್ಕೆದ್ದಾಗ ಚಾವಿ ತೆಗೆದು ಬಾವಿಗೆ ಎಸೆದೆ.

"ಎಲ್ಲಿ ಇಟ್ಟೀಬೇ ಯವ್ವಾ? ನಿನಗ ಅರಳು ಮರಳು ಸುರು ಆತು," ಎಂದ ಅಪ್ಪ.

"ಗೂಡಿನ್ಯಾಗ ಇಟ್ಟಿದ್ನೆಪಾ," ಎಂದಳು ಅಜ್ಜಿ. ಆಮೇಲೆ ತನ್ನ ಮಾತಿನ ಮೇಲೆ ತನಗೇ ನಂಬಿಕೆಯಿಲ್ಲದವಳಂತೆ ಕೈ ನೋಡಿಕೊಂಡಳು.

ಅಪ್ಪ ಕೀಲಿ ಒಡೆದು ಟಿ.ಸಿ. ತೆಗೆದ. ಹೊಸ ಕೀಲಿಯ ಚಾವಿ ಅವನ ಸೊಂಟದ ಉಡದಾರಕ್ಕೆ ಹೋಯಿತು. ಅಂದಿನಿಂದ ಟ್ರಂಕಿನಲ್ಲಿದ್ದ ತನ್ನ ಸೀರೆ ಬೇಕಾದರೂ ಅಜ್ಜಿ ಅಪ್ಪನಿಗಾಗಿ ಕಾಯುತ್ತಿದ್ದಳು. ನಾನು ಎಂಟನೆಯದನ್ನೂ ಮುಗಿಸದೆ ಸಾಲೆ ಬಿಟ್ಟೆ.

ಈಗ ಅಜ್ಜಿಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯಲಿಲ್ಲ.

"ಹಂಗಾದ್ರ ನಾ ಮರತಿರಲಿಲ್ಲ," ಎಂದಳು.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ನಾಳೆ ಬೆಳಿಗ್ಗೆ ಇಳಕಲ್ ಬಿಟ್ಟು ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುತ್ತೇನೆ.