ಪೈನ್ ಗಿಡಕ್ಕೆ ತೋಡಿದ ಗುಂಡಿ

ಹಿತ್ತಲಲ್ಲಿ ಹುಲ್ಲು ಬೆಳೆಸಬೇಕೋ ಪೈನ್ ಮರ ಬೆಳೆಸಬೇಕೋ ಎಂಬ ಜಗಳ ನನ್ನ ಅತ್ತೆ ಮಾವನ ನಡುವೆ ಇಡೀ ಒಂದು ಬೇಸಿಗೆ ನಡೆಯಿತು. ತೊಂಬತ್ತರ ದಶಕದ ಕೊನೆಯ ಮಾತು. ನಾವು ಬಿಜಾಪುರದ ಕಡೆಯವರು. ಮಾವ ಪುಣೆಯ ಅರಿವೆ ಪೇಟೆಯಲ್ಲಿ ಗುಮಾಸ್ತರಾಗಿ ದುಡಿದು ಆಗಷ್ಟೇ ಕೆಲಸ ಬಿಟ್ಟಿದ್ದರು. ಹಳೆಯ ವಾಡೆಯೊಂದರ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದು ಸಾಕಾಗಿ, ಹಡಪ್ಸರದ ಆಚೆ ಹೊಲಗಳನ್ನು ಪ್ಲಾಟು ಮಾಡಿ ಮಾರುತ್ತಿದ್ದಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡಿದ್ದೆವು. ಮಗರಪಟ್ಟಾದ ಕಡೆ ಆಗ ಇನ್ನೂ ಕಬ್ಬು ನಿಂತಿರುತ್ತಿತ್ತು.

ಹುಟ್ಟಿದಾಗಿನಿಂದ ಸ್ವಂತ ನೆಲವೆಂಬುದನ್ನೇ ಕಾಣದ ಇಬ್ಬರಿಗೂ ಆ ಹಿತ್ತಲು ದೊಡ್ಡ ರಾಜ್ಯವಾಗಿತ್ತು. ಅತ್ತೆಗೆ ಹುಲ್ಲು ಬೇಕಿತ್ತು. ಅಂಗಡಿಯಲ್ಲಿ ಚಾಪೆಯಂತೆ ಸುತ್ತಿ ಮಾರುವ ಹುಲ್ಲಲ್ಲ. ಹೊಲದ ಬದುವಿನಲ್ಲಿ ತಾನೇ ಹಬ್ಬುವ ಕರಕಿ, ಅಂದರೆ ಗರಿಕೆ, ಮಳೆ ಬಿದ್ದ ಮೇಲೆ ಮೊಣಕಾಲೆತ್ತರ ಎದ್ದು ತೆನೆ ತೂಗುವ ಹುಲ್ಲು.

"ಅದಕ್ಕೇನ್ ಬೇಕ್ರಿ, ಒಂದು ಗೇಣು ಮಣ್ಣು ಸಾಕು. ಒಣಗಿದ್ರೂ ಒಂದು ಮಳಿಗೆ ಮತ್ತ ಏಳ್ತದ. ಬರಿಗಾಲಿಲೆ ಅಡ್ಡಾಡಿದ್ರ ಎಷ್ಟು ತಂಪು," ಎನ್ನುತ್ತಿದ್ದರು ಅತ್ತೆ.

ಮಾವ ಜೀವನದಲ್ಲಿ ಒಂದೇ ಸಲ ಉತ್ತರದ ಯಾತ್ರೆಗೆ ಹೋಗಿದ್ದರು. ಬೆಟ್ಟದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಪೈನ್ ಮರಗಳಲ್ಲಿ ಗಾಳಿ ಹಾಯುವ ಸಪ್ಪಳ ಕೇಳಿದ್ದರು. ಅದನ್ನು ಅವರು ಮರೆತೇ ಇರಲಿಲ್ಲ. "ಹುಲ್ಲು ದನಾ ತಿನ್ನೂದು. ಬ್ಯಾಸಗ್ಯಾಗ ಹಳದಿ ಆಗ್ತದ. ಪೈನು ಹನ್ನೆರಡೂ ತಿಂಗಳು ಹಸಿರು. ಗಾಳಿ ಬಿಟ್ಟಾಗ ಕೇಳು, ನದಿ ಹರದ್ಹಂಗ ಆಗ್ತದ."

"ಅದರ ಬುಡಕ್ಕ ಕುಂದರಾಕ ಬರ್ತದೇನ್ರಿ? ಸೂಜಿ ಉದುರಸ್ತದಂತ. ಕೆಳಗ ಒಂದು ಹುಲ್ಲುಕಡ್ಡಿ ಸೈತ ಹುಟ್ಟೂದಿಲ್ಲಂತ."

ಸೊಲ್ಲಾಪುರ ರಸ್ತೆಯ ನರ್ಸರಿಯವನು, ಪುಣೆಯ ಬಿಸಿಲಿಗೆ ಪೈನ್ ಬಲು ನಿಧಾನ ಬೆಳೆಯುತ್ತದೆ, ಬೇರು ಇಳಿಯಲು ಆಳದ ಗುಂಡಿ ಬೇಕು ಎಂದ. ಮಾವ ಅದನ್ನೂ ತಮ್ಮ ಪರವಾದ ಮಾತೆಂದೇ ತಿಳಿದು, ಮೊಳದುದ್ದದ ಸಸಿಯನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.

ಮರುದಿನ ಬೆಳಿಗ್ಗೆ ನನ್ನ ಗಂಡ ಆಫೀಸಿಗೆ ಹೋದ ಮೇಲೆ, ಮಾವ ಹಿತ್ತಲ ನಟ್ಟನಡುವೆ ಅಗೆಯಲು ನಿಂತರು. ಆಳು ಬೇಡವೆಂದರು. ನನ್ನ ಪುಟ್ಟ ಮಗಳು ಒಳಗೆ ಮಲಗಿದ್ದಳು. ಗುಂಡಿ ಮೊಣಕಾಲಾಳ ಆಯಿತು, ಆಮೇಲೆ ತೊಡೆಯಾಳ. ಹಾರೆ ಠಣ್ಣೆಂದಿತು.

"ಕಲ್ಲು ಹತ್ತಿತು," ಎಂದರು ಮಾವ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. "ಹುಲ್ಲು ಹಚ್ಚಿದ್ರ ಇಷ್ಟೊತ್ತಿಗೆ ಚಾ ಕುಡೀತಿದ್ರಿ."

"ಇದನ್ನ ಒಡದ ಮ್ಯಾಲೇ ಚಾ!"

ಮಾವ ಹಾರೆಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ ಕುಕ್ಕಿದರು. ಕಲ್ಲು ಒಡೆದ ಸದ್ದಾಯಿತು. ಹಾರೆ ಅವರ ಕೈಯಿಂದ ಜಾರಿ ನೆಲದೊಳಗೆ ಹೋಯಿತು. ಇಡೀ ಹಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಎಷ್ಟೋ ಕೆಳಗಿನಿಂದ, ನೀರಿಗೆ ಏನೋ ಬಿದ್ದ ಸಪ್ಪಳ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ನಮ್ಮ ಮನೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನೆಲದ ಕೆಳಗೆ ನೀರು ಎಲ್ಲಿಂದ ಬರಬೇಕು? ಮಾವನ ಕಾಲಡಿಯ ಮಣ್ಣು ಸರ್ರನೆ ಆ ತೂತಿನೊಳಗೆ ಇಳಿಯತೊಡಗಿದಾಗಲೇ ಹೊಳೆಯಿತು. ಅವರು ನಿಂತಿದ್ದದ್ದು ಅರ್ಧ ಒಡೆದ ಚಪ್ಪಡಿಯ ಮೇಲೆ.

"ಅಲ್ಲಾಡಬ್ಯಾಡ್ರಿ! ಇದ್ದಲ್ಲೇ ನಿಂದರ್ರಿ!" ಎಂದು ಚೀರಿದ ಅತ್ತೆ ಓಡಿಬಂದು, ಉಟ್ಟ ಸೀರೆಯಲ್ಲೇ ಗುಂಡಿಯ ಅಂಚಿಗೆ ಬೋರಲು ಮಲಗಿ ಅವರ ಎರಡೂ ಮುಂಗೈ ಹಿಡಿದರು. ನಾನು ಅತ್ತೆಯ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದೆ. ಮಾವ ಮಗುವಿನಂತೆ ಮೊಣಕಾಲೂರಿ ಮೇಲೆ ಬಂದರು. ಅವರು ಬಂದ ಮೇಲೂ ಆ ಚಪ್ಪಡಿ ಬೀಳಲಿಲ್ಲ. ಓರೆಯಾಗಿ ತೂಗುತ್ತಲೇ ಇತ್ತು.

ಮೂವರೂ ಗೋಡೆಗೆ ಒರಗಿ ಕುಳಿತೆವು. ಮಾವ ಒಂದೇ ಮಾತು ಆಡುತ್ತಿದ್ದರು: "ಹಾರಿ ಹೋತಲ್ಲ. ನನ್ನ ಹಾರಿ ಹೋತಲ್ಲ."

ಅತ್ತೆ ಗೋಡೆಗೆ ನಿಲ್ಲಿಸಿದ್ದ ತಮ್ಮ ಹೊರಸನ್ನು ನೋಡಿದರು. ಹಿಂದಿನ ಎರಡು ಬೇಸಿಗೆಯೂ ಸೆಕೆ ತಾಳದೆ ಮೊಮ್ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ಅದರ ಮೇಲೆ ಮಲಗಿದ್ದರು. "ಇಲ್ಲೇ ಅಲ್ಲೇನವ್ವಾ ನಾ ಹೊರಸು ಹಾಕ್ತಿದ್ದದ್ದು?" ಎಂದು ನನ್ನನ್ನು ಕೇಳಿದರು. ಹೌದೆಂದೆ, ಎದ್ದು ಒಳಗೆ ಹೋಗಿ ಮಲಗಿದ್ದ ಮಗಳನ್ನು ಎತ್ತಿಕೊಂಡೆ.

ಸಂಜೆ ಗಂಡ ಬಂದು, ಚಪ್ಪಡಿಯ ಸಂದಿಯಿಂದ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಕಲ್ಲು ಕಟ್ಟಿದ ಅಗಲವಾದ ಬಾವಿ, ಕೆಳಗೆ ಕಪ್ಪು ನೀರು. ಅವರು ಆ ನೆಲದ ಹಿಂದಿನ ಒಡೆಯ, ಓಣಿಯ ತುದಿಯಲ್ಲಿದ್ದ ಮುದುಕ ರೈತನನ್ನು ಕರೆತಂದರು. ಆತ ಇಣುಕಿ ನೋಡಿ, ಹಳೆಯ ಗೆಳೆಯ ಸಿಕ್ಕವನಂತೆ ತಲೆಯಾಡಿಸಿದ.

"ಹೋ, ವಿಹೀರ್ ಆಹೇ ನಾ ಇಥೆ. ತುಮ್ಹಾಲಾ ಸಾಂಗಿತ್ಲ ನಾಹೀ ಕಾ?"

ಹೌದು, ಇಲ್ಲಿ ಬಾವಿ ಇದೆಯಲ್ಲ, ನಿಮಗೆ ಹೇಳಲಿಲ್ಲವೇ! ತನ್ನ ಅಜ್ಜ ತೋಡಿಸಿದ ಬಾವಿಯಂತೆ. ಪ್ಲಾಟು ಮಾಡಿದವರು ಚಪ್ಪಡಿ ಹಾಸಿ, ಮೇಲೆ ಗರಸು ಮಣ್ಣು ಎಳೆದು ಸಪಾಟು ಮಾಡಿದ್ದರಂತೆ. ನಮಗೆ ಗೊತ್ತಿದೆ ಎಂದೇ ಆತ ತಿಳಿದಿದ್ದ. ಎರಡು ವರ್ಷ ನಮ್ಮ ಮನೆಯ ಮುಂದೆ ಹಾಯುತ್ತಾ ರಾಮ್ ರಾಮ್ ಎನ್ನುತ್ತಿದ್ದ ಮನುಷ್ಯ. ಕೆಟ್ಟವನಲ್ಲ. ಅದೇ ನನ್ನನ್ನು ಹೆಚ್ಚು ದಂಗುಬಡಿಸಿತು.

ಬಾವಿಯನ್ನು ಮುಚ್ಚಿಸೋಣವೋ, ಕಟ್ಟೆ ಕಟ್ಟಿಸಿ ನೀರು ಬಳಸೋಣವೋ ಎಂದು ಗಂಡ ಕೇಳಿದರು. ಮುಚ್ಚಿಸಲೇಬೇಕೆಂದು ಅತ್ತೆ ಹಟ ಹಿಡಿದರು. ಇನ್ನು ವಾದ ಶುರುವಾಗುತ್ತದೆಂದು ನಾನು ಮಾವನ ಮುಖ ನೋಡಿದೆ.

"ಅಕಿ ಹೇಳಿದ್ಹಂಗ ಆಗ್ಲಿ," ಎಂದರು ಮಾವ. ಆ ಮಾತು ಅವರ ಬಾಯಿಂದ ಅದಕ್ಕೂ ಮುಂಚೆ ನಾನು ಕೇಳಿರಲಿಲ್ಲ.

ಟ್ರಕ್ಕಿನ ಮೇಲೆ ಟ್ರಕ್ಕು ಕಲ್ಲು, ಗರಸು ಬಂದು ಬಿತ್ತು. ತುಂಬಿದ ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಮರ ಹಚ್ಚಬೇಡಿ ಎಂದು ಗಾರೆ ಕೆಲಸದ ಗೌಂಡಿ ಹೇಳಿದ. ಹಾಗಾಗಿ ಹುಲ್ಲೇ ಗೆದ್ದಿತು. ಅತ್ತೆ ಹಚ್ಚಲಿಲ್ಲ, ಯಾರೂ ಹಚ್ಚಲಿಲ್ಲ; ಮಳೆಗಾಲದಲ್ಲಿ ಅದೇ ಬಂತು. ಅಂಚಿನಲ್ಲಿ ಕರಕಿ ಹಬ್ಬಿತು, ನಡುವೆ ಎತ್ತರದ ಹುಲ್ಲು ಎದ್ದು ತೆನೆ ಬಿಟ್ಟು ಬಂಗಾರದ ಬಣ್ಣಕ್ಕೆ ತಿರುಗಿತು. ಅಷ್ಟು ಚೆಂದದ ಹುಲ್ಲನ್ನು ನಾನು ಪುಣೆಯಲ್ಲಿ ಮತ್ತೆಲ್ಲೂ ನೋಡಲಿಲ್ಲ. ಅದರ ಮೇಲೆ ನಮ್ಮ ಮನೆಯ ಯಾರೂ ಕಾಲಿಡಲಿಲ್ಲ. ಗಣೇಶ ಚೌತಿಗೆ ಅತ್ತೆ ಪೇಟೆಯಿಂದಲೇ ಕರಕಿ ತರಿಸುತ್ತಿದ್ದರು.

ಪೈನ್ ಸಸಿಯನ್ನು ಮಾವ ಮುಂದಿನ ಗೇಟಿನ ಬಳಿ ಹಚ್ಚಿದರು, ಅದೂ ಹೊಸ ಹಾರೆಯಿಂದ ಸುತ್ತಲೂ ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳಿದ ಮೇಲೆ. ಅದು ಸಾಯಲಿಲ್ಲ. ವರ್ಷಕ್ಕೊಂದು ಗೇಣು ಏರುತ್ತಾ, ಪ್ರತಿ ಮೇ ತಿಂಗಳಲ್ಲಿ ಅರ್ಧ ಕೆಂಪಾಗುತ್ತಾ ಉಳಿಯಿತು. ಗಾಳಿಗೆ ನದಿಯ ಸಪ್ಪಳ ಮಾಡುವಷ್ಟು ಎಂದೂ ಬೆಳೆಯಲಿಲ್ಲ.

ಎರಡು ಸಾವಿರದ ಇಸವಿಯ ಆಚೆ ಸುತ್ತಮುತ್ತ ಐಟಿ ಕಟ್ಟಡಗಳು ಎದ್ದವು. ಕೆಲವು ವರ್ಷಗಳ ನಂತರ ನಾವು ಮನೆ ಮಾರಿ ಫ್ಲಾಟಿಗೆ ಹೋಗುವುದೆಂದಾಯಿತು. ನೋಡಲು ಬಂದವನು ಖರಾಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ. ಬಾವಿಯ ಸಂಗತಿ ಹೇಳದೆ ಕೊಡುವುದಿಲ್ಲವೆಂದು ನಾನೂ ಅತ್ತೆಯೂ ಮೊದಲೇ ಮಾತಾಡಿಕೊಂಡಿದ್ದೆವು. ಹಿತ್ತಲ ಮೆಟ್ಟಿಲ ಮೇಲೆ ನಿಂತು, ಹಾರೆ ಬಿದ್ದ ದಿನದಿಂದ ಗರಸು ತುಂಬಿಸಿದ್ದರವರೆಗೆ ಎಲ್ಲವನ್ನೂ ಹೇಳಿದೆ.

"ಫಿಲ್ ಮಾಡಿಸಿದೀರಲ್ಲ ಮೇಡಂ, ಮತ್ತೇನು," ಎಂದ ಅವನು. "ಈ ಹುಲ್ಲೆಲ್ಲಾ ತೆಗೆಸಿ ಕಾಂಕ್ರೀಟ್ ಹಾಕಿದ್ರೆ ಆರಾಮಾಗಿ ಎರಡು ಕಾರ್ ನಿಲ್ಲುತ್ತೆ."

ಹೇಳುತ್ತಲೇ ಮೆಟ್ಟಿಲಿಳಿದು ಹುಲ್ಲಿನ ನಡುವಿಗೆ ನಡೆದುಹೋದ. ಅಲ್ಲಿ ನಿಂತು ಬೂಟುಗಾಲಿನಿಂದ ನೆಲವನ್ನು ಒಮ್ಮೆ, ಇನ್ನೊಮ್ಮೆ ಒದ್ದು ನೋಡಿದ. "ಗಟ್ಟಿಯಾಗೇ ಇದೆಯಲ್ಲ!"

ಅತ್ತೆಯ ಉಗುರುಗಳು ನನ್ನ ರಟ್ಟೆಯೊಳಗೆ ಇಳಿದವು. "ಈ ಕಡೆ ಬರ್ರಿ ತಮ್ಮಾ," ಎಂದರು. ಮತ್ತೆ ಕೂಗಿದರು, "ಬರ್ರಿ, ಈ ಕಡೆ ಬರ್ರಿ ಮೊದಲ!"

ಅವನು ನಗುತ್ತಾ, ಪ್ಯಾಂಟಿಗೆ ಹತ್ತಿದ ಹುಲ್ಲಿನ ಮುಳ್ಳು ಕೊಡವುತ್ತಾ ವಾಪಸು ಬಂದ.