ಬೀಗ ಹಾಕಿದ ಮನೆಯಲ್ಲಿ ಕೆಂಪಿ

ಮಂಡ್ಯದ ಕಡೆ ಹೊಸದಾಗಿ ನಾಲೆ ಹರಿದು ಕಬ್ಬು ಏಳುತ್ತಿದ್ದ ಕಾಲ ಅದು. ಹಲಗೂರಿನಾಚೆಯ ನಮ್ಮೂರಿಗೆ ಆ ನೀರು ಬರಲಿಲ್ಲ, ಬರುತ್ತಿದ್ದದ್ದು ಪ್ಲೇಗು. ಬೀದಿಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿತ್ತು.

ನನಗೆ ಎಂಟು ವರ್ಷ. ಸುಗ್ಗಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಸಿದ್ದಮ್ಮತ್ತೆ ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಎದ್ದು ಸತ್ತಳು. ಅಪ್ಪ ಅವತ್ತೇ ಗಾಡಿ ಹೂಡಿದ.

ಕೆಂಪಿ ನಮ್ಮ ನಾಯಿ. ಬೆಳಗ್ಗೆ ಅಪ್ಪ ನೇಗಿಲು ಹೊತ್ತು ಹೊರಟರೆ ಅವನಿಗಿಂತ ಮುಂದೆ ಇರುತ್ತಿತ್ತು. ಮಧ್ಯಾಹ್ನ ಅವ್ವ ಬುತ್ತಿ ತಂದರೆ ಬದುವಿನ ತನಕ ಓಡಿ ಬಂದು ಕರೆದುಕೊಂಡು ಹೋಗುತ್ತಿತ್ತು. ನಾನು ಕುಂಟೆಬಿಲ್ಲೆ ಆಡುವಾಗ ಬಿಲ್ಲೆ ಕಚ್ಚಿಕೊಂಡು ಓಡುತ್ತಿತ್ತು. ಅದರ ಮೈಯಲ್ಲಿ ಯಾವಾಗಲೂ ಒಣಹುಲ್ಲಿನ ವಾಸನೆ.

ಹೊರಡುವ ಗಡಿಬಿಡಿಯಲ್ಲಿ ಅದು ಗಾಡಿಯ ಹಿಂದೆ ಬರುತ್ತಿದೆ ಎಂದೇ ಎಲ್ಲರೂ ಅಂದುಕೊಂಡೆವು. ಹೊಲ ಮುಟ್ಟಿ ನೋಡಿದರೆ ಇಲ್ಲ. ಸಂಜೆ ಗಾಳಿ ತಿರುಗಿದಾಗ ಊರ ಕಡೆಯಿಂದ ಕೂಗು ಕೇಳಿಸಿತು.

"ಅಯ್ಯೋ, ಕೆಂಪಿ ಕಣ್ಲಾ! ಒಳಗೇ ಕೂಡಾಕ್ಬುಟ್ಟಿದೀಯ," ಎಂದು ಅಜ್ಜಿ ಅಪ್ಪನನ್ನು ಬೈದಳು.

ಅಪ್ಪ ತಲೆಯೆತ್ತಲಿಲ್ಲ. "ನಾಯಿಗೋಸ್ಕರ ಯಾರೂ ಆ ಕಡೆ ಕಾಲಿಕ್ಕಂಗಿಲ್ಲ. ಸಿದ್ದಮ್ಮನ್ ಎಣ ಎತ್ತಕ್ಕೇ ಜನ ಬರ್ನಿಲ್ಲ."

ಎಲ್ಲಿಗೂ ಹೋಗುವಂತಿರಲಿಲ್ಲ. ನೆರೆಯೂರಿನವರು ದಾರಿಗೆ ಮುಳ್ಳು ಎಳೆದಿದ್ದರು. ಅವರ ಬಾವಿಗೆ ನಮ್ಮ ಬಿಂದಿಗೆ ಇಳಿಯುವಂತಿಲ್ಲ. ನಾನು ಬದು ದಾಟಿದರೆ ಅಜ್ಜಿಯ ಕೋಲು. ಹೊಗೆ ತುಂಬಿದ ಗುಡಿಸಲಲ್ಲಿ ಕಿವಿ ಮುಚ್ಚಿ ಕೂತರೂ ಆ ಕೂಗು ಬಿಡುತ್ತಿರಲಿಲ್ಲ. ದಿನ ಕಳೆದಂತೆ ಅದು ಸಣ್ಣದಾಯಿತು. ನಡುವೆ ನಿಂತುಹೋದಾಗ ಇನ್ನೂ ಭಯವಾಗುತ್ತಿತ್ತು.

ಒಂದು ಬೆಳಗ್ಗೆ ಅವ್ವ ಒಲೆಯ ಮುಂದಿನಿಂದ ಎದ್ದು ಅಪ್ಪನ ಎದುರು ನಿಂತಳು.

"ಬೀಗದ್ಕೈ ಕೊಡಿ."

"ಉಚ್ಚು ಇಡೀತಾ ನಿಂಗೆ? ಎಣ್ ಮಗ ಅದೆ ಗುಡ್ಲಲ್ಲಿ."

"ಅತ್ತೆ ನೋಡ್ಕತಾರೆ. ಕೊಡ್ತೀರೋ ಇಲ್ವೋ?"

ಅಪ್ಪ ಉಡಿದಾರದಲ್ಲಿದ್ದ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅವ್ವ ಮತ್ತೆ ಕೇಳಲಿಲ್ಲ. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಊರ ಕಡೆ ನಡೆದಳು. ನಾನು ಹಿಂದೆ ಓಡಿದೆ; ಅಜ್ಜಿ ಲಂಗ ಹಿಡಿದೆಳೆದಳು.

ಬಿಸಿಲೇರುವ ಹೊತ್ತಿಗೆ ಅವ್ವ ತಿರುಗಿ ಬಂದಳು. ಕೆಂಪಿಯನ್ನು ಮಗುವಿನಂತೆ ಎತ್ತಿಕೊಂಡಿದ್ದಳು. ಅದರ ಉಗುರುಗಳು ಕಿತ್ತು ರಕ್ತವಾಗಿತ್ತು, ಬಾಗಿಲು ಕೆರೆದೂ ಕೆರೆದೂ.

"ಅಲ್ಲೇ ನಿಂತ್ಕೊ!" ಅಪ್ಪ ಕೂಗಿದ. "ಇತ್ತಾಗ್ ಬರಬ್ಯಾಡ!"

"ನಾನ್ ಬತ್ತೀನಿ ಅಂದ್ನಾ?" ಎಂದು ಅವ್ವ ಹೊಲದ ಆಚೆ ತುದಿಯ ಹೊಂಗೆಮರದ ಕೆಳಗೆ ಹೋಗಿ ಕೂತಳು.

ರೋಗ ಅಂಟಿದೆಯೋ ಇಲ್ಲವೋ ತಿಳಿಯುವ ತನಕ ಅವರಿಬ್ಬರೂ ಅಲ್ಲೇ. ಅಪ್ಪ ತೆಂಗಿನಗರಿ ಎಳೆದು ತಂದು ನಡುದಾರಿಯಲ್ಲಿ ಹಾಕಿದ. ಅವ್ವ ತಾನೇ ಎತ್ತಿಕೊಂಡು ನೆರಳು ಕಟ್ಟಿಕೊಂಡಳು. ನಾನು ಬದುವಿನ ಮೇಲೆ ಕೂತು ಅವಳನ್ನು ನೋಡುತ್ತಿದ್ದೆ. ಅವಳು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದೆ. ಅವಳು ಕೈಯಾಡಿಸಿದರೂ ನಾನು ಓಡಿಹೋಗಿ ತಬ್ಬುವಂತಿರಲಿಲ್ಲ.

ಅಪ್ಪ ದಿನವೂ ಊಟದ ಗಂಗಳವನ್ನು ನಡುದಾರಿಯ ಕಲ್ಲಿನ ಮೇಲಿಟ್ಟು ಹಿಂತಿರುಗಿ ಬರುತ್ತಿದ್ದ. ಒಂದು ಸಂಜೆ ಅಲ್ಲೇ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

"ನಾಯಿ ಉಣ್ತಾ?"

"ಉಣ್ತು."

"ನೀನು?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಅವ್ವ, ಕೆಂಪಿ ಇಬ್ಬರೂ ಉಳಿದರು. ಯುಗಾದಿಗೆ ಮುಂಚೆ ಊರಿಗೆ ಮರಳಿದೆವು. ಮುರಿದ ಚಿಲಕವನ್ನು ಅಪ್ಪನೇ ಕೂಡಿಸಿದ.

ಎಷ್ಟೋ ವರ್ಷದ ಮೇಲೆ ಅವ್ವನನ್ನು ಕೇಳಿದೆ, ಹೆದರಿಕೆ ಆಗಲಿಲ್ಲವೇ ಎಂದು. "ಆಗ್ದೆ ಏನು? ಅದು ಕೂಗ್ತಿದ್ದದ್ದು ನನ್ ಮನೆ ಒಳಗಿಂದ ಕಣವ್ವ," ಎಂದಳು.

ಪ್ಲೇಗು ಹೋಯಿತು, ಸದ್ಯ ಹೋಯಿತು. ಈಗ ನಾನಿರುವ ಮಂಡ್ಯದ ಗುತ್ತಲಿನ ಬೀದಿಯಲ್ಲೂ ಮನೆಮನೆಗೆ ನಾಯಿಗಳಿವೆ. ಅವಕ್ಕೆ ಹೊಲವಿಲ್ಲ, ಬುತ್ತಿಯ ದಾರಿ ಕಾಯುವ ಕೆಲಸವೂ ಇಲ್ಲ. ಇಡೀ ದಿನ ಗೇಟಿನೊಳಗೆ ನಿಂತು ಕೂಗುತ್ತವೆ. ಯಾರೂ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುವುದಿಲ್ಲ. ಏಳುತ್ತಿದ್ದ ಅವ್ವ ಹೋದಳು.